ಬಾನೆಟ್ಟಿನ ಬಣ್ಣ ಬಿರಿಯುವುದೇಕೆ?

ಮೋಟಾರು ಕಾರಿನ ಎಂಜಿನ್ನನ್ನು ಮುಚ್ಚಿರುವ ಮುಂಬದಿಯ ತಗಡಿಗೆ ಭಾರತದಲ್ಲಿ ಬಾನೆಟ್ ಎಂದು ಹೆಸರು. ಅಮೆರಿಕದವರು ಅದನ್ನೇ ಹುಡ್ ಎನ್ನುತ್ತಾರೆ. ಶಬ್ದಾರ್ಥವನ್ನು ಹಿಡಿದು ಹೊರಟರೆ ಎರಡೂ ತಲೆಯುಡುಗೆಯ ಹೆಸರುಗಳೇ. ಬಾನೆಟ್ ಎಂಬುದು ಗಲ್ಲದ ಕೆಳಗೆ ದಾರ ಕಟ್ಟುವ ಟೊಪ್ಪಿಗೆ, ಅಂದರೆ ಹೆಚ್ಚುಕಡಿಮೆ ಕನ್ನಡದ ಕುಲಾವಿ; ಹುಡ್ ಎಂಬುದು ನೆತ್ತಿಯಿಂದ ಬೆನ್ನಿನ ಮೇಲೆ ಇಳಿಯುವ ಕುಂಚಿಗೆ. ಹೆಸರಿಟ್ಟವರು ಯಾವ ಭಾವದಿಂದ ಇಟ್ಟರೋ, ಹೆಸರು ಮಾತ್ರ ಅನ್ವರ್ಥವಾಗಿದೆ. ಕೂಸಿನ ನೆತ್ತಿಯನ್ನು ಬಿಸಿಲು ಗಾಳಿಗಳಿಂದ ಕಾಯುವ ಕುಲಾವಿಯು ತಾನೇ ಮೊದಲು ಮಾಸಿ ಹರಿಯುವಂತೆ, ಕಾರಿನ ಅಂಗಗಳಲ್ಲಿ ಮೊದಲು ಬಣ್ಣಗೆಡುವವುಗಳ ಸಾಲಿನಲ್ಲಿ ಬಾನೆಟ್ಟು ಮುಂದೆ ನಿಲ್ಲುತ್ತದೆ.

ಕೊಂಡು ನಾಲ್ಕೈದು ವರ್ಷಗಳಷ್ಟೇ ಆಗಿರುವ ಕಾರಿನ ಬಾಗಿಲುಗಳು ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ಬಾನೆಟ್ಟಿನ ಮೇಲೆ ಕೂದಲೆಳೆಯಂತಹ ಗೆರೆಗಳು ಮೂಡುವುದುಂಟು. ಒಡೆಯನು ಮೊದಲಿಗೆ ಅವನ್ನು ಬೆಕ್ಕಿನ ಉಗುರಿನ ಗೀರುಗಳೆಂದು ಬಗೆಯುತ್ತಾನೆ. ತೊಳೆಯುತ್ತಾನೆ, ಮೇಣದ ಪಾಲಿಶ್ ತಿಕ್ಕುತ್ತಾನೆ. ಗೆರೆಗಳು ಎಂಟು ದಿನ ಅಡಗಿದ್ದು ಮತ್ತೆ ಕಾಣಿಸಿಕೊಳ್ಳುತ್ತವೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೆರೆಯು ಗೆರೆಯನ್ನು ಕೂಡಿ ಜೇಡನ ಬಲೆಯಂತಾಗುತ್ತದೆ; ಮುಂದೆ ಆ ಬಲೆಯ ಕಣ್ಣುಗಳ ಅಂಚು ಮೇಲೆದ್ದು ಬಣ್ಣವು ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಬಾಡಿಗೆ ಕಾರು ನಡೆಸಿ ಸಂಸಾರ ಸಾಗಿಸುವವನಿಗೆ ಇದು ಬರಿಯ ಅಂದಗೇಡಿನ ಮಾತಾಗಿ ಉಳಿಯುವುದಿಲ್ಲ. ಮಾರುವ ದಿನ ಬೆಲೆ ಇಳಿಯುತ್ತದೆ; ಬಿರುಕಿನ ಬುಡದಲ್ಲಿ ತುಕ್ಕು ಹಿಡಿದರೆ ತಗಡೇ ಹೋಗುತ್ತದೆ. ಅವಸರದಿಂದ ಅಗ್ಗದ ಕೈಗೆ ಕೊಟ್ಟು ಬಣ್ಣ ಹೊಡೆಸಿದರಂತೂ ವರ್ಷ ತುಂಬುವ ಮೊದಲೇ ಹಳೆಯ ಬಿರುಕುಗಳು ಹೊಸ ಬಣ್ಣದ ಮೇಲೆ ಅದೇ ಜಾಗದಲ್ಲಿ ಎದ್ದು ನಿಲ್ಲುತ್ತವೆ. ಹೀಗೇಕಾಗುತ್ತದೆಂಬುದನ್ನು ಅರಿಯಬೇಕಾದರೆ ಬಣ್ಣದ ಒಳರಚನೆಯನ್ನು ತುಸು ವಿಚಾರಿಸಬೇಕು.

ನೋಡುವ ಕಣ್ಣಿಗೆ ಒಂದೇ ಆಗಿ ತೋರುವ ಕಾರಿನ ಬಣ್ಣವು ವಾಸ್ತವವಾಗಿ ಸಾಮಾನ್ಯವಾಗಿ ನಾಲ್ಕು ಪದರಗಳ ಕೂಟ. ಕಾರ್ಖಾನೆಯಲ್ಲಿ ತಗಡನ್ನು ತೊಳೆದು, ಫಾಸ್ಫೇಟಿನಂತಹ ಲವಣದ ನಸುಲೇಪವನ್ನು ಕೊಟ್ಟ ಬಳಿಕ, ಇಡೀ ಕಾರಿನ ಒಡಲನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಬಲದಿಂದ ಮೊದಲ ಪದರವನ್ನು ಹಿಡಿಸುತ್ತಾರೆ. ಇದು ಎಪಾಕ್ಸಿ ಜಾತಿಯ ರಾಳ. ತುಕ್ಕನ್ನು ತಡೆಯುವುದು ಇದರ ಕೆಲಸ. ಇದರ ಮೇಲಿನದು ಪ್ರೈಮರ್ ಸರ್ಫೇಸರ್. ಏರುತಗ್ಗುಗಳನ್ನು ತುಂಬುವುದು, ಕಲ್ಲೇಟನ್ನು ತಾಳುವುದು, ಕೆಳಗಿನ ಎಪಾಕ್ಸಿಗೆ ಬಿಸಿಲು ಮುಟ್ಟದಂತೆ ಮರೆಯಾಗುವುದು, ಈ ಮೂರೂ ಇದರ ಪಾಲಿಗೆ ಬಂದ ಕೆಲಸಗಳು. ಮೂರನೆಯದಾದ ಬೇಸ್ ಕೋಟ್ ಎಂಬುದರಲ್ಲಿ ಮಾತ್ರ ಕಣ್ಣಿಗೆ ಕಾಣುವ ಬಣ್ಣವಿರುತ್ತದೆ. ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ, ಹೊಳಪೆಲ್ಲ ಇದರದು. ದಪ್ಪವನ್ನು ಹೇಳುವುದಾದರೆ ಮೊದಲನೆಯದು ಸುಮಾರು ೨೦ ಮೈಕ್ರಾನ್, ಎರಡನೆಯದು ೩೦ರಿಂದ ೪೦, ಬಣ್ಣದ ಪದರ ೧೫ರ ಆಸುಪಾಸು, ಕ್ಲಿಯರ್ ಕೋಟ್ ೪೦ರಿಂದ ೫೦. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಾಲ್ಕೂ ಕೂಡಿದರೆ ಬರೆಯುವ ಕಾಗದದ ಒಂದು ಹಾಳೆಯಷ್ಟು ದಪ್ಪವಾದರೆ ಹೆಚ್ಚು! ಇಷ್ಟು ತೆಳುವಾದ ಹೊದಿಕೆಯು ಹತ್ತು ಹದಿನೈದು ವರ್ಷ ಬಿಸಿಲು ಮಳೆಗಳನ್ನು ತಾಳಬೇಕೆಂದು ಜನ ಬಯಸುತ್ತಾರೆ. ಚೆನ್ನಾಗಿ ಹಚ್ಚಿದ್ದಾದರೆ ಅದು ತಾಳುವುದೂ ಉಂಟು.

ಈ ನಾಲ್ಕು ಪದರಗಳ ಪದ್ಧತಿ ಬಹಳ ಹಳೆಯದಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಕಾರುಗಳಿಗೆ ಕುದುರೆಗಾಡಿಗೆ ಹಚ್ಚುತ್ತಿದ್ದ ಎಣ್ಣೆಯ ವಾರ್ನಿಷನ್ನೇ ಹಚ್ಚುತ್ತಿದ್ದರು. ಒಂದು ಕಾರಿನ ಬಣ್ಣ ಒಣಗಿ ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರುಗಳು ೧೯೧೪ರಿಂದ ೧೯೨೫ರವರೆಗೆ ಕಪ್ಪು ಬಣ್ಣವೊಂದರಲ್ಲೇ ಬಂದುವೆಂಬುದು ಪ್ರಸಿದ್ಧ. ಅಷ್ಟರಲ್ಲಿ ಮದ್ದುಗುಂಡಿನ ತಯಾರಿಕೆಯಲ್ಲಿ ಹೆಸರಾಗಿದ್ದ ಅಮೆರಿಕದ ಡ್ಯೂಪಾಂಟ್ ಕಂಪನಿಯವರು ನೈಟ್ರೋಸೆಲ್ಯುಲೋಸಿನಿಂದ ಡ್ಯೂಕೋ ಎಂಬ ಲ್ಯಾಕರನ್ನು ತಯಾರಿಸಿದರು. ೧೯೨೪ರ ಓಕ್‌ಲ್ಯಾಂಡ್ ಕಾರುಗಳು ಈ ಬಣ್ಣವನ್ನು ಹೊತ್ತು ಬಂದುವು. ವಾರಗಟ್ಟಲೆಯ ಕೆಲಸ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಭಾರತದ ಗ್ಯಾರೇಜುಗಳಲ್ಲಿ ಕಾರಿನ ಬಣ್ಣಕ್ಕೆಲ್ಲ ಡ್ಯೂಕೋ ಎನ್ನುವ ರೂಢಿ ಬಿದ್ದುದು ಈ ಹೆಸರಿನಿಂದಲೇ. ಲ್ಯಾಕರ್ ಎಂಬ ಶಬ್ದವಾದರೋ ಸಂಸ್ಕೃತದ ಲಾಕ್ಷಾ ಶಬ್ದವು ದೇಶದೇಶಗಳ ಬಾಯಲ್ಲಿ ತಿರುಗಿ ಯುರೋಪು ಸೇರಿದ ರೂಪ. ಲಾಕ್ಷಾ ಎಂದರೆ ಅರಗು. ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಬಣ್ಣದ ಕಾರ್ಖಾನೆಯೂ ಅರಗನ್ನು ತನ್ನ ಹೆಸರಿನಲ್ಲೇ ಹೊತ್ತಿತ್ತು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾರದ ಶಾಯಿಗಾಗಿ ಇಂದು ಅದು ಎಲ್ಲರಿಗೂ ಗೊತ್ತು. ಡ್ಯೂಕೋದಲ್ಲಿ ಅರಗೇನೂ ಇರಲಿಲ್ಲವಾದರೂ ಕಿಡಿ ಬಿದ್ದರೆ ಭಗ್ಗನೆ ಹತ್ತಿಕೊಳ್ಳುವ ಗುಣದಲ್ಲಿ ಅದು ಮಹಾಭಾರತದ ಅರಗಿನ ಮನೆಗೆ ಏನೂ ಕಡಿಮೆಯಿರಲಿಲ್ಲ.

ನೈಟ್ರೋಸೆಲ್ಯುಲೋಸಿನ ದೊಡ್ಡ ದೋಷವೇ ಬಿರಿಯುವುದು. ತನ್ನಷ್ಟಕ್ಕೆ ಅದು ಪೆಡಸು ವಸ್ತು. ಬಳುಕುವ ಗುಣ ಬರಲೆಂದು ಅದರಲ್ಲಿ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂತಹ ದ್ರವ್ಯವನ್ನು ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಬಿಸಿಲಿಗೆ ಆ ದ್ರವ್ಯ ಮೆಲ್ಲಮೆಲ್ಲನೆ ಆರಿಹೋಗಿ ಬಣ್ಣವು ಒಣ ಹಪ್ಪಳದಂತಾಗುತ್ತದೆ. ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳ ಮೈಮೇಲೆ ಕಾಣುತ್ತಿದ್ದ ಮೊಸಳೆಯ ಚರ್ಮದಂತಹ ಒಡಕುಗಳಿಗೆ ಮುಖ್ಯ ಕಾರಣ ಇದು. ಈಗಿನ ಅಕ್ರಿಲಿಕ್, ಪಾಲಿಯುರೆಥೇನ್ ಬಣ್ಣಗಳು ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗತಕ್ಕವು. ಅವಕ್ಕೆ ಈ ದೋಷ ಬಹುಮಟ್ಟಿಗೆ ಇಲ್ಲ. ಆದರೂ ಬಿರಿಯುವಿಕೆ ನಿಂತಿಲ್ಲ.

ಬಿರುಕಿನ ಮರ್ಮವನ್ನು ತಿಳಿಯಲು ಉತ್ತರ ಕರ್ನಾಟಕದ ಎರೆಹೊಲವೇ ಸಾಕಾದ ಪಾಠಶಾಲೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮೇಲಿನ ಮಣ್ಣು ಕುಗ್ಗಲು ಹವಣಿಸುತ್ತದೆ. ಕೆಳಗಿನ ತೇವದ ಮಣ್ಣು ಅದನ್ನು ಬಿಗಿಹಿಡಿದು ಕುಗ್ಗಗೊಡುವುದಿಲ್ಲ. ಈ ಎಳೆದಾಟದಲ್ಲಿ ಮಣ್ಣಿನ ಅಂಟು ಸೋತ ಕಡೆ ಹೊಲವು ಬಾಯಿಬಿಡುತ್ತದೆ. ಬಣ್ಣದ ಸ್ಥಿತಿಯೂ ಇದೇ. ಥಿನ್ನರ್ ಆರಿದಾಗ, ರಾಳವು ಹೆಣೆದು ಗಟ್ಟಿಯಾದಾಗ ಬಣ್ಣದ ಪದರ ಕುಗ್ಗಬಯಸುತ್ತದೆ. ಕೆಳಗಿನ ಉಕ್ಕು ಬಿಡುವುದಿಲ್ಲ. ಎಳೆತವು ಪದರದಲ್ಲೇ ಸೆರೆಯಾಗಿ ಉಳಿಯುತ್ತದೆ. ಎರೆಹೊಲದಿಂದ ಕಲಿಯಬೇಕಾದ ಮತ್ತೊಂದು ಸಂಗತಿಯೂ ಉಂಟು. ಹಳ್ಳದ ದಂಡೆಯ ತೆಳುವಾದ ಕೆನೆಮಣ್ಣು ಬಿರಿದರೆ ಅಂಗೈಯಗಲದ ಹೆಂಟೆಗಳಾಗುತ್ತವೆ. ಆಳವಾದ ಎರೆ ಬಿರಿದರೆ ಬಿರುಕಿನಿಂದ ಬಿರುಕಿಗೆ ಮಾರುದ್ದದ ಅಂತರವಿರುತ್ತದೆ, ಬಿರುಕೂ ಕೈ ತೂರುವಷ್ಟು ಅಗಲ. ಪದರ ತೆಳುವಾದಷ್ಟೂ ಬಲೆ ನವುರು, ದಪ್ಪವಾದಷ್ಟೂ ಬಿರುಕು ವಿರಳ ಮತ್ತು ಆಳ. ಬಾನೆಟ್ಟಿನ ರೋಗಲಕ್ಷಣವನ್ನು ಓದುವಾಗ ಇದು ಉಪಯೋಗಕ್ಕೆ ಬರುತ್ತದೆ. ಮೇಲಾಗಿ ಪದರ ದಪ್ಪವಾದಷ್ಟೂ ಅದರಲ್ಲಿ ಸೆರೆಯಾದ ಶಕ್ತಿ ಹೆಚ್ಚು. ಆದುದರಿಂದ ಬಿರಿಯುವ ಸಂಭವವೂ ಹೆಚ್ಚು. ಹೆಚ್ಚು ಬಣ್ಣ ಹಚ್ಚಿದರೆ ಹೆಚ್ಚು ಕಾಲ ಬಾಳುವುದೆಂಬ ಜನರ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ.

ಇನ್ನು ಕಾವಿನ ಲೆಕ್ಕ. ಒಂದು ಮೀಟರ್ ಉದ್ದದ ಉಕ್ಕಿನ ತಗಡು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ೧೨ ಮೈಕ್ರಾನಿನಷ್ಟು ಹಿಗ್ಗುತ್ತದೆ. ನಸುಕಿನಲ್ಲಿ ೨೦ ಡಿಗ್ರಿ ಇದ್ದ ಕಪ್ಪು ಬಾನೆಟ್ಟು ಕಲಬುರಗಿ, ರಾಯಚೂರುಗಳ ಬೇಸಿಗೆಯ ನಡುಹಗಲಿಗೆ ೭೦ ಡಿಗ್ರಿಯನ್ನು ಮುಟ್ಟುವುದು ಸೋಜಿಗವಲ್ಲ. ಐವತ್ತು ಡಿಗ್ರಿಯ ಅಂತರಕ್ಕೆ ಉಕ್ಕು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಹಿಗ್ಗಿತು. ಬಣ್ಣದ ರಾಳವನ್ನು ಅದರ ಪಾಡಿಗೆ ಬಿಟ್ಟಿದ್ದರೆ ಅದು ಉಕ್ಕಿನ ಹಲವು ಪಟ್ಟು ಹಿಗ್ಗುತ್ತಿತ್ತು; ಉಕ್ಕಿಗೆ ಅಂಟಿಕೊಂಡಿರುವುದರಿಂದ ಹಿಗ್ಗುವ ಸ್ವಾತಂತ್ರ್ಯ ಅದಕ್ಕಿಲ್ಲ. ಕಾದಾಗ ರಾಳ ಮೆತ್ತಗಾಗಿ ಈ ಇಕ್ಕಟ್ಟಿಗೆ ಹೊಂದಿಕೊಳ್ಳುತ್ತದೆ. ತಣಿಯುವಾಗ ಮಾತ್ರ ಗಟ್ಟಿಯಾಗುತ್ತ ಕುಗ್ಗಬೇಕಾಗಿ ಬಂದು ಎಳೆತಕ್ಕೆ ಸಿಗುತ್ತದೆ. ಬಿಸಿಲೇ ಬಣ್ಣವನ್ನು ಸೀಳುತ್ತದೆಂದು ಜನ ಆಡಿಕೊಳ್ಳುವುದು ಅರ್ಧ ಸತ್ಯ. ಬಿಸಿಲು ಬಣ್ಣವನ್ನು ಬಲಗುಂದಿಸುತ್ತದೆ, ಸೀಳು ಬೀಳುವುದು ಬಹುಮಟ್ಟಿಗೆ ತಣಿಯುವ ಹೊತ್ತಿನಲ್ಲಿ. ಕಾದ ಬಾನೆಟ್ಟಿನ ಮೇಲೆ ಅಡ್ಡಮಳೆ ಸುರಿದಾಗ, ಇಲ್ಲವೆ ನಡುಮಧ್ಯಾಹ್ನ ತಣ್ಣೀರು ಎರಚಿದಾಗ, ಈ ಎಳೆತವು ಕ್ಷಣಮಾತ್ರದಲ್ಲಿ ಏರುತ್ತದೆ. ದಿನಕ್ಕೊಂದು ಸಲದಂತೆ ಐದು ವರ್ಷದಲ್ಲಿ ಸಾವಿರದ ಎಂಟುನೂರು ಸಲ ಹೀಗೆ ಎಳೆದು ಬಿಟ್ಟರೆ ದಣಿಯದ ವಸ್ತು ಯಾವುದಿದ್ದೀತು?

ಬಿಸಿಲು ಬಲಗುಂದಿಸುವ ಬಗೆ ಬೇರೆ. ಸೂರ್ಯಪ್ರಕಾಶದಲ್ಲಿರುವ ಅತಿನೇರಳೆ ಕಿರಣಗಳಿಗೆ ರಾಳದ ಅಣುಸರಪಳಿಗಳನ್ನು ಕಡಿಯುವ ಶಕ್ತಿಯುಂಟು. ಕಡಿದ ತುದಿಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಸುತ್ತಲಿನ ಸರಪಳಿಗಳನ್ನೂ ಕೆಡಿಸುತ್ತವೆ. ಇದನ್ನು ತಡೆಯಲು ಕ್ಲಿಯರ್ ಕೋಟಿನಲ್ಲಿ ಎರಡು ಬಗೆಯ ದ್ರವ್ಯಗಳನ್ನು ಸೇರಿಸಿರುತ್ತಾರೆ: ಒಂದು ಆ ಕಿರಣಗಳನ್ನು ನುಂಗಿ ಕಾವಾಗಿ ಹೊರಹಾಕುತ್ತದೆ, ಇನ್ನೊಂದು ಕಡಿದ ತುದಿಗಳನ್ನು ಹಿಡಿದು ಅಡಗಿಸುತ್ತದೆ. ಇವು ಸವೆಯುವ ವಸ್ತುಗಳು. ಪದರ ತೆಳುವಾಗಿದ್ದರೆ ಅಥವಾ ಅಳತೆಗಿಂತ ಕಡಿಮೆ ಬಿದ್ದಿದ್ದರೆ ಬೇಗ ಮುಗಿಯುತ್ತವೆ. ಆಮೇಲೆ ಕ್ಲಿಯರ್ ಕೋಟ್ ಪೆಡಸಾಗಿ ಕುಗ್ಗಲಾರಂಭಿಸುತ್ತದೆ. ನಿಂತ ಗೋಡೆಯಂತಿರುವ ಬಾಗಿಲಿನ ಮೇಲೆ ಬಿಸಿಲು ಓರೆಯಾಗಿ ಬಿದ್ದರೆ ಮಲಗಿದಂತಿರುವ ಬಾನೆಟ್ಟು ಅದನ್ನು ನೇರವಾಗಿ ಹೊರುತ್ತದೆ. ಮಾಡು ಸಹ ಹಾಗೆಯೇ ಹೊರುತ್ತದೆನ್ನಬಹುದು. ಆದರೆ ಮಾಡಿಗೆ ಕೆಳಗಿನಿಂದ ಎಂಜಿನ್ನಿನ ಕಾವಿಲ್ಲ, ಮುಂದಿನ ಲಾರಿಯ ಗಾಲಿ ಚಿಮ್ಮಿಸಿದ ಕಲ್ಲಿನ ಪೆಟ್ಟಿಲ್ಲ, ದಿನವೂ ಎತ್ತಿ ಧಡಾರೆಂದು ಮುಚ್ಚುವವರೂ ಇಲ್ಲ.

ಇಷ್ಟಾದರೂ ಸರಿಯಾಗಿ ಹಚ್ಚಿದ ಬಣ್ಣ ನಾಲ್ಕು ವರ್ಷಕ್ಕೇ ಬಿರಿಯತಕ್ಕದ್ದಲ್ಲ. ಅಕಾಲದಲ್ಲಿ ಬಿರಿದರೆ ಹಚ್ಚಿದ ಕಡೆ ತಪ್ಪಾಗಿದೆಯೆಂದು ತಿಳಿಯಬೇಕು. ಕಾರ್ಖಾನೆಯವರೂ ಇದಕ್ಕೆ ಹೊರತಲ್ಲ. ೧೯೮೦ರ ದಶಕದ ಉತ್ತರಾರ್ಧದಲ್ಲಿಯೂ ೧೯೯೦ರ ದಶಕದ ಮೊದಲ ಭಾಗದಲ್ಲಿಯೂ ಅಮೆರಿಕದ ದೊಡ್ಡ ಕಂಪನಿಗಳು ಕೆಲವು ವಾಹನಗಳಲ್ಲಿ ಪ್ರೈಮರ್ ಸರ್ಫೇಸರಿನ ಪದರವನ್ನು ಕೈಬಿಟ್ಟು ಎಪಾಕ್ಸಿಯ ಮೇಲೆ ನೇರವಾಗಿ ಬಣ್ಣ ಹಚ್ಚಿದುವು. ಖರ್ಚು ಉಳಿಯಿತು. ಎಪಾಕ್ಸಿ ನೀರಿಗೆ ಅಂಜದು, ಬಿಸಿಲಿಗೆ ಅಂಜುತ್ತದೆ. ಮರೆಯಾಗಿದ್ದ ಪದರ ಹೋದುದರಿಂದ ಬಣ್ಣದ ಮೂಲಕ ನುಸುಳಿದ ಕಿರಣಗಳು ಎಪಾಕ್ಸಿಯ ಮೇಲ್ಮೈಯನ್ನು ಸುಣ್ಣದ ಪುಡಿಯಂತೆ ಮಾಡಿದುವು. ಮೇಲಿನ ಬಣ್ಣ ಹಿಡಿತ ತಪ್ಪಿ ಬಾಳೆಯ ಸಿಪ್ಪೆಯಂತೆ ಸುಲಿಯಿತು. ದೂರುಗಳು ನ್ಯಾಯಾಲಯದ ಮೆಟ್ಟಿಲೇರಿದುವು. ಇತ್ತೀಚಿನ ಇನ್ನೊಂದು ನಿದರ್ಶನ ಹೋಂಡಾ ಸಿವಿಕ್ ಕಾರಿನದು. ೨೦೦೬ರಿಂದ ಮುಂದಿನ ಕೆಲವು ವರ್ಷಗಳಲ್ಲಿ ತಯಾರಾಗಿ ಅಮೆರಿಕದಲ್ಲಿ ಮಾರಾಟವಾದ ಈ ಕಾರುಗಳ ಬಾನೆಟ್ಟು ಮೊದಲಾದ ಕಡೆ ಬಣ್ಣ ಬಿರಿಯುತ್ತಿರುವುದನ್ನು ಕಂಪನಿಯೇ ಒಪ್ಪಿ ಬಣ್ಣದ ವಾರಂಟಿಯನ್ನು ಏಳು ವರ್ಷಕ್ಕೆ ವಿಸ್ತರಿಸಿತು. ದೂರು ಕೊಟ್ಟವರು ಕಾರನ್ನು ತೊಳೆಯದ ಸೋಮಾರಿಗಳಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಗ್ಯಾರೇಜಿನ ತಪ್ಪುಗಳಾದರೋ ಹಲವು, ಮತ್ತು ಅವು ಹೊಳೆಯುವ ಹೊಸ ಬಣ್ಣದ ಅಡಿಯಲ್ಲಿ ಅಡಗಿರತಕ್ಕವು. ಅತ್ಯಂತ ಸಾಮಾನ್ಯವಾದುದು ಹಳೆಯ ಬಣ್ಣವನ್ನು ತೆಗೆಯದೆ ಅದರ ಮೇಲೆಯೇ ಹೊಡೆಯುವುದು. ಕೆಳಗಿನ ಬಿರುಕಿನೊಳಕ್ಕೆ ಹೊಸ ಬಣ್ಣದ ಥಿನ್ನರ್ ಇಳಿದು ಅಂಚುಗಳನ್ನು ಉಬ್ಬಿಸುತ್ತದೆ; ಆರಿದ ಮೇಲೆ ಅಲ್ಲೇ ಬಣ್ಣ ಕುಸಿದು ಗೆರೆ ಮೂಡುತ್ತದೆ. ಎರಡನೆಯದು ಪುಟ್ಟಿಯನ್ನು ಮೆತ್ತುವುದು. ತಗ್ಗಾದ ತಗಡನ್ನು ಸುತ್ತಿಗೆಯಿಂದ ತಟ್ಟಿ ಸಮಮಾಡುವುದು ಟಿಂಕರನ ಕುಶಲ ಕಲೆ. ಅದಕ್ಕೆ ಹೊತ್ತು ಬೇಕು. ಹೊತ್ತಿಲ್ಲದವನು ತಗ್ಗಿನಲ್ಲೇ ಪುಟ್ಟಿ ತುಂಬಿ ಉಜ್ಜಿಬಿಡುತ್ತಾನೆ. ನೀರು ಹಾಕಿ ಉಜ್ಜಿದ ಪುಟ್ಟಿ ಪೂರ್ತಿ ಒಣಗುವ ಮೊದಲೇ ಪ್ರೈಮರ್ ಹೊಡೆದರೆ ಒಳಗಿನ ತೇವ ಬೊಬ್ಬೆಯಾಗಿ ಏಳುತ್ತದೆ. ಒಂದು ಕೈ ಹೊಡೆದು ಆರಲು ಐದು ಹತ್ತು ನಿಮಿಷವನ್ನಾದರೂ ಬಿಡದೆ ಮೇಲೆ ಮೇಲೆ ಹೊಡೆಯುವುದು ಮೂರನೆಯ ತಪ್ಪು. ಕೆಳಗೆ ಸಿಕ್ಕಿದ ಥಿನ್ನರ್ ತಿಂಗಳುಗಟ್ಟಲೆ ಹೊರಬರುತ್ತ ಬಣ್ಣವನ್ನು ಕುಗ್ಗಿಸುತ್ತದೆ. ಇವೆಲ್ಲಕ್ಕಿಂತ ಕಣ್ಣಿಗೆ ಬೀಳದಂತಹುದು ಬೆರಕೆಯ ತಪ್ಪು. ಪಿ.ಯು. ಬಣ್ಣಕ್ಕೆ ಹಾರ್ಡ್ನರನ್ನು ಡಬ್ಬಿಯ ಮೇಲೆ ಮುದ್ರಿಸಿದ ಅಳತೆಯಲ್ಲೇ ಸೇರಿಸಬೇಕು. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಬಣ್ಣ ಪೆಡಸಾಗುತ್ತದೆ. ದುಡ್ಡು ಉಳಿಯಲೆಂದು ಕಡಿಮೆ ಸುರಿದರೆ ಹೆಣಿಗೆ ಕೂಡುವುದಿಲ್ಲ. ಪಿ.ಯು. ಬಣ್ಣಕ್ಕೆ ಅಗ್ಗದ ಎನ್.ಸಿ. ಥಿನ್ನರ್ ಬೆರೆಸುವವರೂ ಉಂಟು. ಆ ಥಿನ್ನರಿನಲ್ಲಿ ಆಲ್ಕೊಹಾಲಿನ ಜಾತಿಯ ದ್ರವಗಳಿರುತ್ತವೆ. ಅವು ಬಣ್ಣವನ್ನು ಹೆಣೆಯಬೇಕಾದ ಹಾರ್ಡ್ನರನ್ನು ತಾವೇ ಕಬಳಿಸುತ್ತವೆ. ಹೊಡೆದ ದಿನ ಹೊಳಪಿನಲ್ಲಿ ಎಳ್ಳಷ್ಟೂ ಕೊರತೆ ಕಾಣದು. ಕೊರತೆ ತಿಳಿಯುವುದು ಮರುವರ್ಷ, ಆಗ ಚೀಟಿಯೂ ಕಳೆದಿರುತ್ತದೆ, ಮಾತು ಕೊಟ್ಟವನೂ ಕೈಗೆ ಸಿಗುವುದಿಲ್ಲ.

ಬಿರುಕು ಕಂಡೊಡನೆ ಮಾಡತಕ್ಕ ಮೊದಲ ಕೆಲಸ ಅದರ ಆಳವನ್ನು ಅಳೆಯುವುದು. ಬಾನೆಟ್ಟನ್ನು ನೆರಳಿನಲ್ಲಿ ತೊಳೆದು ಒರಸಿ, ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನೋಡಬೇಕು. ಗೆರೆಯ ಒಳಗೆ ಬಣ್ಣವೇ ಕಂಡರೆ ಬಿರಿದಿರುವುದು ಕ್ಲಿಯರ್ ಕೋಟ್ ಮಾತ್ರ. ಬೂದು ಅಥವಾ ಬೇರೆ ಬಣ್ಣದ ಪದರ ಕಂಡರೆ ಬಿರುಕು ಪ್ರೈಮರಿನವರೆಗೆ ಇಳಿದಿದೆ. ಕೆಂಪು ಕಂದು ಕಲೆ ಕಂಡರೆ ತುಕ್ಕು ಆಗಲೇ ಹಿಡಿದಿದೆ. ನವುರಾದ ಬಲೆಯು ಮೇಲಿನ ತೆಳುಪದರದ ದೋಷವನ್ನೂ, ವಿರಳವಾದ ಆಳ ಸೀಳುಗಳು ಅಡಿಯ ದಪ್ಪ ಪದರದ ದೋಷವನ್ನೂ ಸೂಚಿಸುತ್ತವೆ. ಒಂದು ಚುಕ್ಕೆಯಿಂದ ಕಾಗೆಯ ಹೆಜ್ಜೆಯಂತೆ ಅಥವಾ ಸುತ್ತುಬಳೆಯಂತೆ ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ. ಬಣ್ಣದ ದಪ್ಪವನ್ನು ಅಳೆಯುವ ಮೀಟರನ್ನು ತಗಡಿಗೆ ತಾಗಿಸಿದರೆ ಅದು ಮೈಕ್ರಾನಿನ ಲೆಕ್ಕ ಹೇಳುತ್ತದೆ. ಬಾಗಿಲಿನ ಮೇಲೆ ೧೧೦ ತೋರಿಸುವ ಮೀಟರು ಬಾನೆಟ್ಟಿನ ಮೇಲೆ ೩೦೦ ತೋರಿಸಿದರೆ ಅದಕ್ಕೆ ಎರಡನೆಯ ಸಲ ಬಣ್ಣವಾಗಿದೆಯೆಂಬುದರಲ್ಲಿ ಸಂಶಯವಿಲ್ಲ. ಸಾವಿರ ದಾಟಿದರೆ ಅಡಿಯಲ್ಲಿ ಪುಟ್ಟಿಯಿದೆ. ಹಳೆಯ ಕಾರು ಕೊಳ್ಳುವವರು ಈ ಒಂದು ಉಪಕರಣವನ್ನು ಬಳಸಿದರೆ ಅನೇಕ ಮೋಸಗಳಿಂದ ಪಾರಾಗಬಹುದು. ಮರೆಯಾದ ಮೂಲೆಯಲ್ಲಿ ಥಿನ್ನರಿನಲ್ಲಿ ಅದ್ದಿದ ಬಿಳಿಯ ಬಟ್ಟೆಯಿಂದ ಒರಸಿ ನೋಡುವ ರೂಢಿಯೂ ಇದೆ: ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಅದು ಲ್ಯಾಕರ್ ಜಾತಿಯದು, ಅದರ ಮೇಲೆ ಪಿ.ಯು. ಹೊಡೆದರೆ ಅಡಿಪಾಯ ಅಲುಗುತ್ತದೆ.

ಚಿಕಿತ್ಸೆಯ ವಿಚಾರದಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಪಾಲಿಶ್, ಮೇಣ, ಸೆರಾಮಿಕ್ ಲೇಪ, ರಬ್ಬಿಂಗ್ ಕಾಂಪೌಂಡ್, ಇವುಗಳಲ್ಲಿ ಯಾವುದೂ ಬಿರಿದ ಬಣ್ಣವನ್ನು ಕೂಡಿಸಲಾರದು. ಗೀರಿಗೆ ಅವು ಮದ್ದು, ಬಿರುಕಿಗಲ್ಲ. ಬಿರಿದ ಕಡೆ ಉಜ್ಜಿದಷ್ಟೂ ಉಳಿದಿರುವ ಕ್ಲಿಯರ್ ಕೋಟ್ ಸವೆಯುತ್ತದೆ. ಟಚಪ್ ಬಣ್ಣವನ್ನು ಬಿರುಕಿನ ಮೇಲೆ ಸವರಿದರೆ ನೀರು ಇಳಿಯುವುದು ಕೆಲವು ತಿಂಗಳು ನಿಲ್ಲುತ್ತದೆ. ಹಣ ಕೂಡಿಸಿಕೊಳ್ಳುವವರೆಗೆ ಕಾಲ ತಳ್ಳಲು ಅದಾದರೆ ಆದೀತು.

ಸರಿಯಾದ ಕ್ರಮವು ಬಿರುಕಿನ ಬುಡದವರೆಗೂ ಬಣ್ಣವನ್ನು ತೆಗೆದು ಮತ್ತೆ ಕಟ್ಟುವುದು. ಬರಿಯ ಕ್ಲಿಯರ್ ಕೋಟ್ ಬಿರಿದಿದ್ದು ಕಾರ್ಖಾನೆಯ ಕೆಳಪದರಗಳು ಗಟ್ಟಿಯಾಗಿದ್ದರೆ ಬಾನೆಟ್ಟಿನ ಉದ್ದಗಲಕ್ಕೂ ಉಜ್ಜಿ ಪ್ರೈಮರಿನವರೆಗೆ ಇಳಿದರೆ ಸಾಕು. ಎರಡು ಮೂರು ಸಲ ಬಣ್ಣವಾದ ಬಾನೆಟ್ಟಾಗಿದ್ದರೆ ತಗಡು ಕಾಣುವವರೆಗೆ ತೆಗೆಯುವುದೇ ಲೇಸು. ೮೦ ನಂಬರಿನ ಉಪ್ಪುಕಾಗದದಿಂದ ಆರಂಭಿಸಿ ನಯವಾದ ಕಾಗದಗಳಿಗೆ ಏರುತ್ತ ಹೋಗಬೇಕು. ತಗಡಿನ ದಪ್ಪ ಮಿಲಿಮೀಟರಿಗೂ ಕಡಿಮೆಯಾದುದರಿಂದ ಗ್ರೈಂಡರನ್ನು ಒಂದೇ ಕಡೆ ಒತ್ತಿ ಹಿಡಿದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಬಣ್ಣ ಕಳಚುವ ರಾಸಾಯನಿಕಗಳಲ್ಲಿ ಮೀಥೈಲೀನ್ ಕ್ಲೋರೈಡ್ ಉಳ್ಳವು ಮುಚ್ಚಿದ ಕೋಣೆಯಲ್ಲಿ ಪ್ರಾಣಾಪಾಯಕರ. ತಗಡು ಬರಿದಾದ ಮೇಲೆ ತುಕ್ಕಿನ ಕಲೆಯನ್ನು ಪೂರ್ತಿ ತೆಗೆದು, ಎಣ್ಣೆ ಜಿಡ್ಡು ಬಿಡಿಸುವ ದ್ರವದಿಂದ ಒರಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಬರಿಗೈ ಮುಟ್ಟಿದ ಬೆವರೂ ತುಕ್ಕಿಗೆ ಬೀಜವಾಗುತ್ತದೆ. ಬೇಕಾದಲ್ಲಿ ಮಾತ್ರ ತೆಳುವಾಗಿ ಪುಟ್ಟಿ, ಅದರ ಮೇಲೆ ಸರ್ಫೇಸರ್, ಅದನ್ನು ೬೦೦ರಿಂದ ೮೦೦ ನಂಬರಿನ ವಾಟರ್ ಪೇಪರಿನಿಂದ ಉಜ್ಜಿ ಬೇಸ್ ಕೋಟ್, ಕೊನೆಗೆ ಎರಡು ಕೈ ಕ್ಲಿಯರ್ ಕೋಟ್. ಬೂತ್ ಇರುವ ಕಡೆ ತಗಡನ್ನು ೬೦ ಡಿಗ್ರಿ ಕಾವಿನಲ್ಲಿ ಅರ್ಧ ಗಂಟೆ ಬೇಯಿಸುತ್ತಾರೆ. ಕಾರ್ಖಾನೆಯ ೧೪೦ ಡಿಗ್ರಿಯನ್ನು ಇಲ್ಲಿ ಕೊಡಲಾಗದು, ಏಕೆಂದರೆ ಸಿದ್ಧವಾದ ಕಾರಿನ ರಬ್ಬರು, ಪ್ಲಾಸ್ಟಿಕ್, ತಂತಿಗಳು ಅದನ್ನು ತಾಳವು. ಲೋಹದ ಮಿನುಗುಳ್ಳ ಬಣ್ಣವಾದರೆ ಎಷ್ಟೇ ಕೋಡ್ ನೋಡಿ ಬೆರೆಸಿದರೂ ಪಕ್ಕದ ಫೆಂಡರಿಗೆ ಹೋಲಿಸಿದಾಗ ತುಸು ಭೇದ ಕಾಣುವುದರಿಂದ ಬಣ್ಣವನ್ನು ಫೆಂಡರಿನ ಮೇಲೂ ತೇಲಿಸಿ ಬೆರೆಸುತ್ತಾರೆ. ಅದಕ್ಕೂ ಕೂಲಿ ಕೇಳಿದರೆ ಅದು ನ್ಯಾಯವಾದ ಕೂಲಿಯೇ. ಕೆಲಸ ಮುಗಿದ ಮೇಲೆ ಒಂದು ತಿಂಗಳು ಮೇಣ ಹಚ್ಚದಿರುವುದು ಮೇಲು.

ಈ ಎಲ್ಲ ವಿವರಗಳ ನಡುವೆ ಬಣ್ಣ ಹೊಡೆಯುವವನನ್ನು ಮರೆಯುವುದು ವಾಡಿಕೆಯಾಗಿಬಿಟ್ಟಿದೆ. ಪಿ.ಯು. ಬಣ್ಣದ ಹಾರ್ಡ್ನರಿನಲ್ಲಿರುವ ದ್ರವ್ಯಗಳು ಐಸೋಸಯನೇಟ್ ಜಾತಿಯವು. ೧೯೮೪ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡ ಅನಿಲವೂ ಇದೇ ಜಾತಿಗೆ ಸೇರಿದುದು. ಬಣ್ಣದಲ್ಲಿರುವುದು ಆ ಅನಿಲವಲ್ಲ, ಅದಕ್ಕಿಂತ ಬಹಳ ಸೌಮ್ಯವಾದುದೆಂಬುದನ್ನೂ ಇಲ್ಲೇ ಹೇಳಬೇಕು. ಸೌಮ್ಯವಾದರೂ ಸ್ಪ್ರೇ ಗನ್ನಿನಿಂದ ಮಂಜಾಗಿ ಹಾರಿ ಶ್ವಾಸಕೋಶವನ್ನು ಸೇರಿದರೆ ಅದು ಉಬ್ಬಸವನ್ನು ಹುಟ್ಟಿಸಬಲ್ಲುದು. ಒಮ್ಮೆ ದೇಹವು ಅದಕ್ಕೆ ಮುನಿದುಕೊಂಡಿತೆಂದರೆ ಆಮೇಲೆ ಅತ್ಯಲ್ಪ ಪ್ರಮಾಣಕ್ಕೂ ಉಸಿರು ಕಟ್ಟುತ್ತದೆ. ಅನೇಕರು ಕಲಿತ ಕಸುಬನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯದು. ಧೂಳಿಗೆಂದು ಮಾಡಿದ ಬಟ್ಟೆಯ ಮುಸುಕೂ ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತಂದುಕೊಡುವ ಮುಖವಾಡವೇ ಇದಕ್ಕೆ ತಕ್ಕ ರಕ್ಷಣೆ. ಹಳೆಯ ಬಣ್ಣವನ್ನು ಒಣದಾಗಿ ಉಜ್ಜುವುದೂ ನಿರಪಾಯಕರವಲ್ಲ. ಹಿಂದಿನ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಬಳಕೆಯಲ್ಲಿತ್ತು. ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಬಾರದೆಂದು ಭಾರತ ಸರ್ಕ‍ಾರವು ೨೦೧೬ರಲ್ಲಿ ನಿಯಮ ಮಾಡಿತಾದರೂ ಅದು ಮನೆಗೆ ಹಚ್ಚುವ ಮತ್ತು ಅಲಂಕಾರದ ಬಣ್ಣಗಳಿಗೆ ಸಂಬಂಧಿಸಿದುದು. ಗಾಡಿಯ ಬಣ್ಣ ಅದರಡಿ ಬರಲಿಲ್ಲ. ರಸ್ತೆಯ ಪಕ್ಕದ ಗ್ಯಾರೇಜಿನಲ್ಲಿ ಶಾಲೆ ಬಿಟ್ಟ ಹುಡುಗನು ಬರಿಮೂಗಿನಲ್ಲಿ ಉಜ್ಜುತ್ತ ಕುಳಿತಿರುವುದನ್ನು ಕಂಡರೆ, ಕಾರು ತಂದವರು ಒಂದು ಮಾತು ಕೇಳಿದರೆ ತಪ್ಪೇನು? ನೀರು ಹಾಕಿ ಉಜ್ಜಿದರೆ ಧೂಳು ಏಳದು. ಮುಖವಾಡವಿಟ್ಟು ಕೆಲಸ ಮಾಡಿಸುವ ಗ್ಯಾರೇಜು ಕೂಲಿಯನ್ನು ತುಸು ಹೆಚ್ಚು ಕೇಳುತ್ತದೆ. ಆ ಹೆಚ್ಚಿಗೆಯು ಬಣ್ಣದ ಬೆಲೆಯಲ್ಲ, ಒಬ್ಬನ ಉಸಿರಿನ ಬೆಲೆ.

ಹೊಸ ಕಾರಿನಲ್ಲಿ ಬಿರುಕು ಕಂಡರೆ ಗ್ಯಾರೇಜಿಗೆ ಓಡುವ ಮೊದಲು ವಾರಂಟಿಯ ಪುಸ್ತಕವನ್ನು ಓದಬೇಕು. ಕಲ್ಲೇಟು, ಹಕ್ಕಿಯ ಹಿಕ್ಕೆ, ಮರದ ಅಂಟು, ಹೊರಗೆ ಮಾಡಿಸಿದ ಬಣ್ಣ, ಇವುಗಳಿಂದಾದ ಕೇಡಿಗೆ ಕಂಪನಿಗಳು ಸಾಮಾನ್ಯವಾಗಿ ಹೊಣೆಯಾಗುವುದಿಲ್ಲ. ಆದುದರಿಂದ ಹೊರಗೆ ಮುಟ್ಟಿಸುವ ಮೊದಲೇ ದಿನಾಂಕ ಕಾಣುವಂತೆ ಛಾಯಾಚಿತ್ರ ತೆಗೆದು, ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ಭರವಸೆಯಲ್ಲಿ ವಾರಂಟಿಯ ಅವಧಿ ಮುಗಿದುಹೋಗುವುದು ಎಲ್ಲೆಡೆಯೂ ನಡೆಯುವ ಸಂಗತಿ. ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ತಕರಾರಿನ ಕಾರಣ ಉಂಟಾದ ಎರಡು ವರ್ಷದೊಳಗೆ ಅರ್ಜಿ ಕೊಡಬೇಕು. ಗ್ಯಾರೇಜಿನಲ್ಲಿ ಬಣ್ಣ ಮಾಡಿಸುವಾಗಲೂ ಯಾವ ಬಣ್ಣ, ಯಾವ ಹಾರ್ಡ್ನರ್, ಹಳೆಯದನ್ನು ಎಲ್ಲಿಯವರೆಗೆ ತೆಗೆದರು, ಎಷ್ಟು ಕಾಲದ ಭರವಸೆ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಇನ್ನು ನಿತ್ಯದ ಜೋಪಾನ ಬಲು ಸರಳ. ನೆರಳಿದ್ದಲ್ಲಿ ನಿಲ್ಲಿಸುವುದು, ಹಕ್ಕಿಯ ಹಿಕ್ಕೆಯನ್ನು ಒಣಗಗೊಡದೆ ನೆನೆಸಿ ತೆಗೆಯುವುದು, ಓಡಿ ಬಂದ ಕಾರಿನ ಕಾದ ಬಾನೆಟ್ಟಿಗೆ ನೀರು ಹಾಕದೆ ತಣಿಯುವವರೆಗೆ ಕಾಯುವುದು, ಪಾತ್ರೆ ತಿಕ್ಕುವ ಪುಡಿಯಿಂದ ತೊಳೆಯದಿರುವುದು. ಧೂಳು ಕೂತ ಮೈಮೇಲೆ ಹೊದಿಸಿದ ಕವರು ಗಾಳಿಗೆ ಉಜ್ಜಿ ಉಪ್ಪುಕಾಗದದ ಕೆಲಸವನ್ನೇ ಮಾಡುವುದರಿಂದ ಮೊದಲು ಧೂಳು ತೆಗೆದು ಆಮೇಲೆ ಹೊದಿಸತಕ್ಕದ್ದು. ಕಲ್ಲು ತಾಗಿ ತಗಡು ಕಂಡ ಚುಕ್ಕೆಗಳಿಗೆ ಮಳೆಗಾಲ ಹಿಡಿಯುವ ಮೊದಲೇ ಟಚಪ್ ಮುಟ್ಟಿಸಿದರೆ ಅಲ್ಲಿಂದ ಬಿರುಕು ಹೊರಡುವುದು ತಪ್ಪುತ್ತದೆ.